ಹುಣಸೆಹಣ್ಣಿನಲ್ಲಿ ತೊಳೆದ ಕಲ್ಲು

ನಮ್ಮ ಮನೆಯ ಪಂಕ್ತಿಯಲ್ಲಿ ‘ಬೇಡ’ ಎನ್ನುವ ಮಾತಿಗೆ ಬೆಲೆ ಇರಲಿಲ್ಲ. ಊಟಕ್ಕೆ ಕೂತವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಎಂದರೂ ಬೆರಳ ಸಂದಿಯಿಂದ ಪಾಯಸ ಇಳಿಯುವಂತೆ ಬಡಿಸುವುದೇ ಮರ್ಯಾದೆ. ಮೊದಲ ಬೇಡ ಉಪಚಾರಕ್ಕೆ, ಎರಡನೆಯದು ಸಂಕೋಚಕ್ಕೆ, ಮೂರನೆಯದಾದರೆ ಸ್ವಲ್ಪ ಯೋಚಿಸಬಹುದು. ಮೈಸೂರಿನಲ್ಲಿ ಇದನ್ನು ಕಲಿತ ನಾನು ಮೂವತ್ತು ವರ್ಷ ಅಮೆರಿಕದಲ್ಲಿದ್ದೂ ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು. ಉತ್ತರ ಕ್ಯಾರೊಲಿನಾದ ಒಂದು ಹಳ್ಳಿ ಚರ್ಚಿನ ಹಿಂದೆ, ಒಬ್ಬ ಜರ್ಮನ್ ಅಜ್ಜನ ಕಲ್ಲಿನ ಮೇಲೆ, ಅವನ ಊರಿನ ಹೆಸರು ಇವತ್ತಿಗೂ ಉಳಿದಿರುತ್ತಿತ್ತು.

ಆ ಅಜ್ಜ ನನಗೆ ಏನೂ ಆಗಬೇಕಿಲ್ಲ. ನನ್ನ ಮಗಳ ಮಾವನ ವಂಶದ ಮೂಲಪುರುಷ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಜರ್ಮನಿಯ ಯಾವುದೋ ಹಳ್ಳಿ ಬಿಟ್ಟು, ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದು, ಅಲ್ಲಿ ಜಮೀನು ಕೈಗೆಟುಕದೆ ಗಾಡಿ ಕಟ್ಟಿಕೊಂಡು ದಕ್ಷಿಣಕ್ಕೆ ಇಳಿದವನು. ಯಾವ ಹಳ್ಳಿ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯುವುದೇ ನಮ್ಮ ಬೀಗರ ಬದುಕಿನ ದೊಡ್ಡ ಆಸೆಯಾಗಿತ್ತು.

ಬೀಗರು ನಮ್ಮ ಬದುಕಿಗೆ ಬಂದದ್ದು 2020ರ ಲಾಕ್‌ಡೌನಿನಲ್ಲಿ. ಮಗಳು ಅಟ್ಲಾಂಟಾದ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡು ಷಾರ್ಲೆಟ್ ಪಕ್ಕದ ಫೋರ್ಟ್ ಮಿಲ್‌ನ ನಮ್ಮ ಮನೆಗೆ ಬಂದು ಕೂತಿದ್ದಳು. ಒಂದು ದಿನ ನಾನು ಸಾರಿಗೆ ಒಗ್ಗರಣೆ ಹಾಕುವಾಗ ಹಿಂದೆ ಬಂದು ನಿಂತು, ತಾನು ಮದುವೆಯಾಗಬೇಕೆಂದಿರುವ ಹುಡುಗನ ವಿಷಯ ಹೇಳಿದಳು.

“ಯಾವ ಜನ?” ಎಂದೆ. ಹಾಗೆ ಕೇಳಬಾರದು ಎಂದು ಗೊತ್ತು. ಬಾಯಿಗೆ ಮೊದಲು ಬಂದದ್ದು ಅದೇ.

“ಜರ್ಮನ್ ಅಮೆರಿಕನ್ ಅಮ್ಮಾ. ಲುಥೆರನ್ ಕ್ರಿಶ್ಚಿಯನ್ಸ್. ಅವರು ಇಲ್ಲೇ ಇದ್ದಾರೆ, ಲೈಕ್, ಫಾರೆವರ್.”

ಯಜಮಾನರು ಸೋಫಾದಿಂದಲೇ, “ನಮಗಿಂತ ಸೀನಿಯರ್ಸು ಬಿಡೇ. ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತ ಜನ ಅಲ್ಲ,” ಎಂದರು. ಅವರಿಗೆ ಎಲ್ಲವೂ ತಮಾಷೆ. ನನಗೆ ಮಾತ್ರ ಹುಡುಗನ ಮನೆಯವರು ಎಂಥವರೋ, ನಮ್ಮನ್ನು ಏನೆಂದುಕೊಳ್ಳುತ್ತಾರೋ ಎಂಬ ಹೆದರಿಕೆ. ಗಂಡಿನ ಕಡೆಯವರು ಜರ್ಮನ್ ಆದರೇನು, ಗಂಡಿನ ಕಡೆಯವರೇ.

ಹುಡುಗನ ತಂದೆಯನ್ನು ಮೊದಲು ನೋಡಿದ್ದು ಜೂಮ್‌ನಲ್ಲಿ. ಷಾರ್ಲೆಟ್‌ನಿಂದ ಉತ್ತರಕ್ಕೆ ಒಂದು ಗಂಟೆ ದೂರದ ಹಳ್ಳಿಯಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡಿದ್ದರು. ಜೀವಮಾನವಿಡೀ ಜಮೀನಿನ ಸರ್ವೆ ಮಾಡಿ ನಿವೃತ್ತರಾದವರು. ಮಾತಾಡುವಷ್ಟು ಹೊತ್ತೂ ನಮ್ಮ ಕಡೆ ನೋಡದೆ ಮುಖವನ್ನು ಪಕ್ಕಕ್ಕೆ ತಿರುಗಿಸಿಯೇ ಇದ್ದರು. ಕಾಲ್ ಮುಗಿದ ಮೇಲೆ ನಾನು, “ಎಷ್ಟು ಜಂಬ ನೋಡಿ,” ಎಂದೆ. ಆಮೇಲೆ ಮಗಳು ಹೇಳಿದಳು: ಅವರ ಕಣ್ಣಿನ ನಡುಭಾಗ ಹೋಗಿದೆ, ಅಂಚಿನಲ್ಲಿ ಮಾತ್ರ ಕಾಣಿಸುತ್ತದೆ. ಯಾವುದನ್ನು ನೋಡಬೇಕೋ ಅದರಿಂದ ಮುಖ ತಿರುಗಿಸಿದರೆ ಮಾತ್ರ ಅದು ಕಾಣಿಸುವುದು. ನಾನು ಜಂಬ ಎಂದುಕೊಂಡಿದ್ದು ಅವರು ನನ್ನನ್ನು ನೋಡಲು ಪಟ್ಟ ಪ್ರಯತ್ನ. ನಾಚಿಕೆಯಾಯಿತು, ಆದರೆ ಅಂಥ ನಾಚಿಕೆ ನನ್ನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ.

ಲಸಿಕೆ ಹಾಕಿಸಿಕೊಂಡ ಮೇಲೆ ಅವರ ಮನೆಗೆ ಮೊದಲ ಸಲ ಹೋದೆವು. ಬೀಗರು ತಾವೇ ಕೈಯಾರೆ ಪೀಕನ್ ಬೀಜದ ಸಿಹಿ ಪೈ ಮಾಡಿದ್ದರು. ಮನೆಯೆಲ್ಲ ಬೆಣ್ಣೆ, ಬೆಲ್ಲ ಕಾದ ಪರಿಮಳ. ತಟ್ಟೆ ನನ್ನ ಮುಂದೆ ಹಿಡಿದು, “ಒಂದು ತುಂಡು ತಗೊಳ್ಳಿ ಮ್ಯಾಮ್,” ಎಂದರು. ದಕ್ಷಿಣದ ಕಡೆಯ ಹಳೆಯ ಜನ ಹೆಂಗಸರನ್ನು ಮ್ಯಾಮ್ ಎನ್ನದೆ ಮಾತಾಡಿಸುವುದಿಲ್ಲ. ನಾನು ಮರ್ಯಾದಸ್ಥಳಲ್ಲವೇ, “ಬೇಡ, ಬೇಡ,” ಎಂದೆ. ಅವರು “ಸರಿ ಮ್ಯಾಮ್” ಎಂದು ತಟ್ಟೆಯನ್ನು ಒಳಗೆ ಇಟ್ಟುಬಿಟ್ಟರು. ಯಜಮಾನರು ಮೊದಲೇ ತೆಗೆದುಕೊಂಡಿದ್ದ ತುಂಡನ್ನು ನನ್ನ ಎದುರಿಗೇ ಚಪ್ಪರಿಸಿ ತಿಂದರು. ದಾರಿಯುದ್ದಕ್ಕೂ ಅದನ್ನೇ ಹೇಳಿ ನಕ್ಕರು. ಅವತ್ತೇ ನನಗೆ ಬುದ್ಧಿ ಬರಬೇಕಿತ್ತು. ನನಗೆ ಬಂದದ್ದು ಸಿಟ್ಟು. ಇವರಿಗೆ ಉಪಚಾರ ಗೊತ್ತಿಲ್ಲ ಎಂದು ತೀರ್ಮಾನ ಮಾಡಿದೆ.

ಮದುವೆ ಎರಡೂ ಪದ್ಧತಿಯಲ್ಲಿ ಎಂದು ನಿಶ್ಚಯವಾಯಿತು. ಪುರೋಹಿತರಿಗೆ ಫೋನ್ ಮಾಡಿದೆ.

“ಗೋತ್ರ ಇಲ್ದಿದ್ರೆ ಕಾಶ್ಯಪ ಅಂತ ಹೇಳ್ಕೋಬಹುದು, ತೊಂದ್ರೆ ಇಲ್ಲ,” ಎಂದರು. “ಆದ್ರೆ ಮೂರು ತಲೆಮಾರಿನ ಹೆಸರು ಬೇಕಮ್ಮ. ಕನ್ಯಾದಾನದಲ್ಲಿ ಹೇಳ್ಬೇಕಲ್ಲ, ಇಂಥವರ ಮರಿಮಗ, ಇಂಥವರ ಮೊಮ್ಮಗ, ಇಂಥವರ ಮಗ ಅಂತ.”

ಬೀಗರಿಗೆ ಇದನ್ನು ಹೇಳಿದ್ದೇ ತಡ, ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅವರ ಹತ್ತಿರ ಮೂರಲ್ಲ, ಏಳೆಂಟು ತಲೆಮಾರು ಇತ್ತು. ಹೆಂಡತಿ ಹೋದ ಮೇಲೆ ಅವರು ಹಿಡಿದದ್ದು ಅದೊಂದೇ ಕೆಲಸ. ಕೌಂಟಿ ಆಫೀಸಿನ ಹಳೆಯ ಕಾಗದಪತ್ರ, ಚರ್ಚಿನ ದಾಖಲೆ, ಜನಗಣತಿಯ ಪ್ರತಿ, ಎಲ್ಲ ಪೆಟ್ಟಿಗೆ ಪೆಟ್ಟಿಗೆ ತುಂಬಿಟ್ಟಿದ್ದರು. ಆಮೇಲೆ ಕಣ್ಣು ಕೈಕೊಟ್ಟಿತು. ಓದಲಾಗದೆ ಪೆಟ್ಟಿಗೆಗಳನ್ನು ಸವರಿಕೊಂಡು ಕೂತಿದ್ದರು. ನನಗೂ ಆಗ ತಾನೇ ಕೆಲಸದಿಂದ ಬಿಡುವು ಸಿಕ್ಕಿತ್ತು. ನಾನು ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ತಲೆ ನರೆಸಿಕೊಂಡವಳು, ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡಾಗಿತ್ತು. ಪ್ರತಿ ಬುಧವಾರ ಮಧ್ಯಾಹ್ನ ಜೂಮ್‌ನಲ್ಲಿ ಕೂತು, ಅವರು ಕ್ಯಾಮೆರಾಕ್ಕೆ ಹಿಡಿದ ಕಾಗದಗಳನ್ನು ನಾನು ಓದಿ ಹೇಳುವುದು ಎಂದಾಯಿತು.

ಹಳೆಯ ಜರ್ಮನ್ ಕೈಬರಹ ಓದಲು ವೀಡಿಯೊ ನೋಡಿ ಕಲಿತೆ. ಮೊದಮೊದಲು ಎಲ್ಲವೂ ಇರುವೆ ಸಾಲಿನ ಹಾಗೆ ಕಂಡಿತು, ಆಮೇಲೆ ಅಕ್ಷರ ಒಂದೊಂದೇ ಬಿಡಿಸಿಕೊಂಡವು. ಆ ಮನೆತನದಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಮೊದಲ ಹೆಸರು ಒಂದೇ, ಕರೆಯುವುದು ಎರಡನೆಯ ಹೆಸರಿನಿಂದ. ನಾವು ಚಿರಂಜೀವಿ ಎಂದು ಸೇರಿಸುವ ಹಾಗಿರಬೇಕು ಎಂದೆ. ಬೀಗರಿಗೆ ಅದು ಬಹಳ ಹಿಡಿಸಿತು. ‘ಬೀಗರು’ ಎನ್ನುವ ಮಾತನ್ನೂ ಅವರಿಗೆ ಕಲಿಸಿದೆ. ಮಕ್ಕಳು ಮದುವೆಯಾದರೆ ಅಪ್ಪ ಅಮ್ಮಂದಿರು ಒಬ್ಬರಿಗೊಬ್ಬರು ಏನಾಗುತ್ತಾರೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಪದವೇ ಇಲ್ಲ ಎಂದಾಗ, “ಪದ ಇಲ್ಲದಿದ್ದರೆ ಅವರು ಏನೂ ಆಗುವುದಿಲ್ಲ ಎಂದೇ ಅರ್ಥ, ಎಂಥ ನಷ್ಟ,” ಎಂದರು. ಕಾಶ್ಯಪ ಯಾರು, ಅವರು ಯಾವ ಹಡಗಿನಲ್ಲಿ ಬಂದರು ಎಂದೂ ಕೇಳಿದ್ದರು. ನಾನು ಅಷ್ಟು ನಕ್ಕಿದ್ದು ಎಷ್ಟೋ ವರ್ಷದ ಮೇಲೆ.

ಯಜಮಾನರು ಒಂದು ಸಲ ಹಾದುಹೋಗುತ್ತಾ, “ನಿಮ್ಮಮ್ಮನ ಅಜ್ಜಿ ಹೆಸರೇನೇ?” ಎಂದು ಚುಚ್ಚಿದರು. ನನಗೆ ಗೊತ್ತಿರಲಿಲ್ಲ. ಸುಮ್ಮನೆ ಕಾಫಿ ಆರಿಹೋಗ್ತಿದೆ ಎಂದೆ.

2022ರ ವಸಂತದಲ್ಲಿ ಬೀಗರು ನಮ್ಮನ್ನು ಚರ್ಚಿನ ಹಿಂದಿನ ಸ್ಮಶಾನಕ್ಕೆ ಕರೆದುಕೊಂಡು ಹೋದರು. ಓಕ್ ಮರಗಳ ನೆರಳಿನಲ್ಲಿ ಸೊಂಟದೆತ್ತರದ ಬಿಳಿ ಕಲ್ಲು, ಸ್ವಲ್ಪ ವಾಲಿತ್ತು. ಬೀಗರು ಮಂಡಿಯೂರಿ ಕೂತು ತೋರುಬೆರಳಿನಿಂದ ಅಕ್ಷರಗಳನ್ನು ತಡವುತ್ತಾ ಜರ್ಮನ್‌ನಲ್ಲಿ ಓದಿದರು. ಹೆಸರು, ಹೆಂಡತಿಯ ಹೆಸರು, ಮಕ್ಕಳೆಷ್ಟು. ಬೆರಳು ಕೆಳಗಿಳಿದು ಒಂದು ಕಡೆ ನಿಂತಿತು. ಅಲ್ಲಿಂದ ಕೆಳಕ್ಕೆ ಪಾಚಿ, ಅದರ ಮೇಲೆ ಬೂದು ಬಣ್ಣದ ಕಲ್ಲುಹೂವು ದಪ್ಪಗೆ ಕಟ್ಟಿತ್ತು. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಅದೇ ಕಲ್ಲುಹೂವಿನ ಜಾತಿ.

“ಇದರ ಕೆಳಗೆ ಇನ್ನೊಂದು ಸಾಲಿದೆ,” ಎಂದರು. “ಅವನು ಹುಟ್ಟಿದ ಊರು. ನನ್ನ ತಾತ ಹೇಳುತ್ತಿದ್ದರು. ಅವರ ಕಾಲಕ್ಕೇ ಮುಚ್ಚಿಹೋಗಿತ್ತು.” ಬೇರೆ ಯಾವ ದಾಖಲೆಯಲ್ಲೂ ಆ ಊರು ಇರಲಿಲ್ಲ. ಹಳೆಯ ಕಲ್ಲುಗಳನ್ನು ಉಳಿಸುವ ಕೆಲಸ ತಿಳಿದ ಒಬ್ಬ ಹೆಂಗಸು ಚಳಿಗಾಲಕ್ಕೆ ಮುಂಚೆ ಬರುವವಳಿದ್ದಳು. ನೀರು ಚಿಮುಕಿಸಿ, ವಾರಗಟ್ಟಲೆ ಕಾದು, ಮರದ ಕಡ್ಡಿಯಿಂದ ನಿಧಾನವಾಗಿ ಎಬ್ಬಿಸುತ್ತಾಳಂತೆ. “ಅವಸರವೇನಿಲ್ಲ. ಅವನು ಇಷ್ಟು ಕಾಲ ಕಾದಿದ್ದಾನೆ,” ಎಂದರು.

ನನ್ನ ಕಣ್ಣಿಗೆ ಕಂಡದ್ದು ಕೊಳೆ. ಮದುವೆ ಸೆಪ್ಟೆಂಬರಿನಲ್ಲಿ. ನಮ್ಮಲ್ಲಿ ಮೊದಲ ಲಗ್ನಪತ್ರಿಕೆಯನ್ನು ಮನೆದೇವರ ಮುಂದೆ, ಹಿರಿಯರ ಮುಂದೆ ಇಡುತ್ತೇವೆ. ಮೇ ತಿಂಗಳಲ್ಲಿ ಆ ಚರ್ಚಿನ ಹೋಮ್‌ಕಮಿಂಗ್ ಇತ್ತು. ಊರು ಬಿಟ್ಟುಹೋದ ಮನೆತನಗಳೆಲ್ಲ ವರ್ಷಕ್ಕೊಂದು ಭಾನುವಾರ ಮರಳಿ ಬಂದು, ಪ್ರಾರ್ಥನೆ ಮುಗಿಸಿ, ಮರದಡಿ ಉದ್ದ ಮೇಜು ಹಾಕಿ ಒಟ್ಟಿಗೆ ಊಟ ಮಾಡುವ ದಿನ. ಅವತ್ತು ಈ ಹಿರಿಯನ ಮುಂದೆ ಪತ್ರಿಕೆ ಇಡಬೇಕು ಎಂದು ನಾನು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದೆ. ಪಾಚಿ ಹಿಡಿದ ಕಲ್ಲಿನ ಮುಂದೆ ಹೇಗೆ ಇಡುವುದು?

“ಹೋಮ್‌ಕಮಿಂಗಿಗೆ ಮುಂಚೆ ನಾನೇ ಬಂದು ತೊಳೆದುಕೊಡುತ್ತೇನೆ,” ಎಂದೆ.

“ಅಯ್ಯೋ, ನೀವು ಯಾಕೆ ಅಷ್ಟು ತೊಂದರೆ ತಗೊಳ್ಳುತ್ತೀರಿ ಮ್ಯಾಮ್,” ಎಂದರು ಬೀಗರು. “ಬೇಡ. ಅವನ ಪಾಡಿಗೆ ಅವನು ಇರಲಿ ಬಿಡಿ.”

ನೋಡಿ, ಮೈಸೂರಿನ ಯಾವ ಜಗಲಿಯ ಮೇಲೆ ಬೇಕಾದರೂ ಕೇಳಬಹುದಾದ ಮಾತು. ಅಷ್ಟೇ ಮೆತ್ತಗೆ, ಅಷ್ಟೇ ನಗುತ್ತಾ. ಗದರಿ ಹೇಳಿದ್ದರೆ ನನಗೆ ಕೇಳಿಸುತ್ತಿತ್ತೇನೋ. ಆ ಸೀಮೆಯ ಜನ ಗದರುವುದಿಲ್ಲ, ಸಕ್ಕರೆ ಹಚ್ಚಿಯೇ ಬೇಡ ಎನ್ನುತ್ತಾರೆ. ಇವರಿಗೂ ಕೊನೆಗೆ ಸಂಕೋಚ ಬಂತಲ್ಲ, ನಮ್ಮವರೇ ಆಗಿಬಿಟ್ಟರಲ್ಲ ಎಂದು ನನಗೆ ಒಳಗೊಳಗೇ ಸಂತೋಷವಾಯಿತು.

ಹೋಮ್‌ಕಮಿಂಗಿನ ಹಿಂದಿನ ದಿನ, ಶನಿವಾರ, ಯಜಮಾನರನ್ನು ಹೊರಡಿಸಿಕೊಂಡು ಹೋದೆ. ಇಂಡಿಯನ್ ಸ್ಟೋರಿನಿಂದ ತಂದ ಹುಣಸೆಹಣ್ಣು ನೆನೆಸಿ, ಉಪ್ಪು ಕಲಸಿ ಡಬ್ಬಕ್ಕೆ ತುಂಬಿಕೊಂಡಿದ್ದೆ. ಜೊತೆಗೆ ಎರಡು ಕ್ಯಾನ್ ನೀರು, ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರು. ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪದ ಕಂಬ, ತಾಮ್ರದ ಚೊಂಬು ಎಲ್ಲ ಹುಣಸೆಹಣ್ಣಿನಲ್ಲೇ ಬೆಳಗಿದ ಕೈ ಇದು.

“ಅವರನ್ನ ಕೇಳಿದ್ಯೇನೇ?” ಎಂದರು ಯಜಮಾನರು ಕಾರಿನಿಂದ ಇಳಿಯದೆ.

“ಕೇಳ್ದೆ. ಬೇಡ ಅಂದ್ರು.”

“ಬೇಡ ಅಂದ್ರಾ?”

“ಸಂಕೋಚಕ್ಕೆ ಅಂದ್ರು.”

“ಹಂಗಾದ್ರೆ ಸರಿ,” ಎಂದು ಫೋನಿನಲ್ಲಿ ಕ್ರಿಕೆಟ್ ಹಾಕಿಕೊಂಡರು. ಅವರೂ ಮೈಸೂರಿನವರೇ ತಾನೇ.

ಹುಣಸೆ ಬಳಿದು ಸ್ವಲ್ಪ ಹೊತ್ತು ಬಿಟ್ಟೆ. ಆಮೇಲೆ ಸೆರಗು ಸಿಕ್ಕಿಸಿ ಉಜ್ಜಿದೆ. ಮೇಲಿನ ಸಾಲುಗಳು ಬೆಳ್ಳಗಾದವು. ಕೆಳಗೆ ಕಲ್ಲುಹೂವು ಹಟ ಮಾಡಿತು. ನನ್ನ ಹಟ ಅದಕ್ಕಿಂತ ದೊಡ್ಡದು. ಪದರ ಪದರವಾಗಿ ಎದ್ದು ಬಂತು. ಎದ್ದ ಕಡೆ ಒದ್ದೆಯ ಮೇಲೆ ಕೆಲವು ಅಕ್ಷರಗಳು ಕಂಡವು. ಕಂಡವು, ಅದರಲ್ಲಿ ಅನುಮಾನವಿಲ್ಲ. ಬಾಗಿದ ಒಂದು ಗೆರೆ, ಪಕ್ಕದಲ್ಲಿ ಇನ್ನೆರಡು ಮೂರು. ಅದನ್ನು ಓದಲು ಬರುವವಳು ನಾನು, ಅದಕ್ಕಾಗಿಯೇ ಅಷ್ಟು ತಿಂಗಳು ಕಣ್ಣು ಸವೆಸಿ ಕಲಿತವಳು. ಪೂರ್ತಿ ತೊಳೆದ ಮೇಲೆ ಓದೋಣ ಎಂದುಕೊಂಡೆ. ಅರ್ಧ ಬೆಳಗಿದ ಚೊಂಬನ್ನು ಯಾರು ನೋಡುತ್ತಾರೆ? ಇನ್ನಷ್ಟು ಹುಣಸೆ ಹಾಕಿ, ಬಲವಾಗಿ ಉಜ್ಜಿ, ನೀರು ಸುರಿದೆ. ಸಂಕ್ರಾಂತಿಯ ಸಕ್ಕರೆ ಅಚ್ಚು ಒದ್ದೆಯಾದ ಹಾಗೆ ಬಿಳಿ ಹರಳು ಅಂಗೈಗೆ ಬಂತು. ಕೊಳೆ ಎಂದುಕೊಂಡೆ. ನೀರು ಹರಿದುಹೋದ ಮೇಲೆ ನೋಡಿದರೆ ಆ ಜಾಗ ನುಣ್ಣಗಿತ್ತು.

ಬೆರಳಾಡಿಸಿದೆ, ಏನೂ ಸಿಗಲಿಲ್ಲ. ಆಗ ಮನಸ್ಸು ತನ್ನ ಬುದ್ಧಿ ತೋರಿಸಿತು. ಅಲ್ಲಿ ಏನೂ ಇರಲೇ ಇಲ್ಲ, ಕಂಡದ್ದು ಪಾಚಿಯ ಕಲೆ ಎಂದು ನನಗೆ ನಾನೇ ಹೇಳಿಕೊಂಡೆ. ಪಾಪ, ಈ ಮುದುಕರು ಇಲ್ಲದ ಸಾಲಿಗೆ ಕಾದು ಕೂತಿದ್ದಾರಲ್ಲ ಎಂದು ಅವರ ಮೇಲೇ ಮರುಕ ಪಟ್ಟೆ. ತೊಳೆಯುವ ಮುಂಚೆ ತೆಗೆದಿದ್ದ ಫೋಟೊದ ಜೊತೆಗೆ ತೊಳೆದ ಮೇಲಿನದೂ ಒಂದು ತೆಗೆದು ನಮ್ಮ ಹೆಂಗಸರ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು.

ಮಾರನೆಯ ದಿನ ರೇಷ್ಮೆ ಸೀರೆ ಉಟ್ಟು, ಬೆಳ್ಳಿ ತಟ್ಟೆಯಲ್ಲಿ ಅರಿಸಿನ ಕುಂಕುಮ, ಲಗ್ನಪತ್ರಿಕೆ ಹಿಡಿದು ಹೋದೆ. ಪ್ರಾರ್ಥನೆ ಮುಗಿದ ಮೇಲೆ ಬೀಗರ ನೆಂಟರಿಷ್ಟರೆಲ್ಲ ಕಲ್ಲಿನ ಸುತ್ತ ಸೇರಿದರು. ಪ್ರತಿ ವರ್ಷ ಬೀಗರು ಬೆರಳಿನಿಂದ ಕಲ್ಲನ್ನು ಓದಿ, ಮೂಲಪುರುಷನ ಕಥೆ ಹೇಳುವುದು ಅವರಲ್ಲಿ ಪದ್ಧತಿ. ಅವರು ಮಂಡಿಯೂರಿದರು. ಮೊದಲ ಸಾಲು ಓದಿದರು. ಎರಡನೆಯ ಸಾಲಿನಲ್ಲಿ ತಡವರಿಸಿದರು, ಅಲ್ಲೂ ಅಕ್ಷರದ ಅಂಚು ಸವೆದಿತ್ತು. ಬೆರಳು ಕೆಳಗಿಳಿಯಿತು. ಪಾಚಿ ಶುರುವಾಗಬೇಕಾದ ಜಾಗಕ್ಕೆ ಬಂದು ನಿಂತಿತು. ಆಮೇಲೆ ಅಂಗೈಯನ್ನೇ ಇಟ್ಟು ಮೆಲ್ಲಗೆ ಅತ್ತಿತ್ತ ಸವರಿದರು.

“ಯಾರೋ ತೊಳೆದಿದ್ದಾರೆ,” ಎಂದರು.

“ನಾನೇ,” ಎಂದೆ. ಹೆಮ್ಮೆಯಿಂದಲೇ ಎಂದೆ.

ಅವರು ಕೈ ತೆಗೆಯಲಿಲ್ಲ. “ಬಹಳ ದುಡಿದಿದ್ದೀರಿ ಮ್ಯಾಮ್. ಥ್ಯಾಂಕ್ ಯು,” ಎಂದು ಮಗನ ಹೆಗಲು ಹಿಡಿದು ಎದ್ದರು. ಕಥೆ ಹೇಳಲಿಲ್ಲ. ನಾನು ಪತ್ರಿಕೆ ಇಟ್ಟು, ಕುಂಕುಮ ಹಚ್ಚಿ, ಕೈಮುಗಿದೆ. ಊಟದ ಮೇಜಿನಲ್ಲಿ ಬೀಗರು ಏನನ್ನೂ ಮುಟ್ಟಲಿಲ್ಲ. ಬಿಸಿಲಿಗೆ ಇರಬೇಕು ಎಂದುಕೊಂಡೆ.

ಮರಳುವಾಗ ಕಾರಿನಲ್ಲಿ ಮಗಳು ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಹೈವೇ ಸೇರಿದ ಮೇಲೆ ಕೇಳಿದಳು:

“ಅಮ್ಮಾ, ಅವರು ನಿಂಗೆ ನೋ ಹೇಳಿದ್ರಾ?”

“ಹೇಳಿದ್ರು. ಆದ್ರೆ ಅದು...”

“ನೋ ಅಂದ್ರೆ ನೋ ಅಮ್ಮಾ. ದಟ್ಸ್ ಆಲ್ ಇಟ್ ಮೀನ್ಸ್. ಆ ಸ್ಟೋನ್ ಸಾಫ್ಟ್ ಇದೆ ಅಂತ ಅವರು ನೀರೂ ಹಾಕ್ತಿರ್ಲಿಲ್ಲ. ಅಲ್ಲಿ ಊರಿನ ಹೆಸರು ಇತ್ತು. ಈಗ ಇಲ್ಲ.”

ಯಜಮಾನರು ಕಾರಿನಲ್ಲಿ ಯಾವ ತಮಾಷೆಯನ್ನೂ ಮಾಡಲಿಲ್ಲ. ಹುಣಸೆಹಣ್ಣಿನ ಹುಳಿ ಸುಣ್ಣದ ಅಂಶವಿರುವ ಅಂಥ ಬಿಳಿ ಕಲ್ಲನ್ನು ಕರಗಿಸುತ್ತದೆ ಎಂದು ಮನೆಗೆ ಬಂದು ಓದಿದೆ. ಹೈಸ್ಕೂಲಿನ ಕೆಮಿಸ್ಟ್ರಿ ಅದು. ನನಗೆ ಗೊತ್ತಿದ್ದದ್ದೇ.

ಮಾರನೆಯ ದಿನ ಒಬ್ಬಳೇ ಡ್ರೈವ್ ಮಾಡಿಕೊಂಡು ಬೀಗರ ಮನೆಗೆ ಹೋದೆ. ವರಾಂಡದಲ್ಲಿ ಕೂತಿದ್ದರು. ಇಂಗ್ಲಿಷಿನಲ್ಲಿ ಕ್ಷಮೆ ಕೇಳಲು ಒಂದೇ ಮಾತಿದೆ, ಕಾಲು ತುಳಿದರೂ ಅದೇ, ಮನೆ ಸುಟ್ಟರೂ ಅದೇ. ಅದನ್ನೇ ಹೇಳಿದೆ. ನೀವು ಬೇಡ ಎಂದಿದ್ದು ನನಗೆ ಉಪಚಾರದ ಹಾಗೆ ಕೇಳಿಸಿತು, ನಮ್ಮಲ್ಲಿ ಹೀಗೆ ಎಂದು ವಿವರಿಸಲು ಹೋದೆ. ಹೇಳುತ್ತಾ ಹೇಳುತ್ತಾ ಅದು ನನಗೇ ನೆಪವಾಗಿ ಕೇಳಿಸಿ ನಿಲ್ಲಿಸಿದೆ.

ಅವರು ಮುಖ ಪಕ್ಕಕ್ಕೆ ತಿರುಗಿಸಿ ನನ್ನನ್ನು ನೋಡಿದರು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ತೊಳೆಯುವಾಗ ನಿಮಗೆ ಏನಾದರೂ ಕಂಡಿತೇ?”

ಇಲ್ಲ ಎನ್ನಬಹುದಿತ್ತು. ಕಲೆ ಎಂದು ನಂಬಿಕೊಂಡಿದ್ದೆನಲ್ಲ, ಅದನ್ನೇ ಹೇಳಬಹುದಿತ್ತು. “ಕಂಡಿತ್ತು,” ಎಂದೆ. “ಪೂರ್ತಿ ತೊಳೆದ ಮೇಲೆ ಓದೋಣ ಎಂದುಕೊಂಡೆ.”

“ಮೊದಲ ಅಕ್ಷರ ಯಾವುದು?”

ನಾನು ಕಣ್ಣು ಮುಚ್ಚಿ ನೋಡಿದೆ. ಬಾಗಿದ ಒಂದು ಗೆರೆ. ಅದಕ್ಕಿಂತ ಮುಂದೆ ಕೈ, ಸ್ಕ್ರಬ್ಬರು, ಕಂದು ಬಣ್ಣದ ನೊರೆ, ಅಷ್ಟೇ. ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿದರು. ಒಳಗೆ ಹೋಗಿ ಐಸ್ ಹಾಕಿದ ಟೀ ತಂದುಕೊಟ್ಟರು. ಪೂರ್ತಿ ಕುಡಿದೆ. ಅಲ್ಲಿ ಬೇಡ ಎನ್ನಲು ನನಗೆ ಬಾಯಿರಲಿಲ್ಲ.

ಬುಧವಾರದ ಜೂಮ್ ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ನಾನು ಹಟಕ್ಕೆ ಬಿದ್ದು ಹುಡುಕಿದೆ. ಜರ್ಮನಿಯ ಚರ್ಚುಗಳಿಗೆ ಇಮೇಲ್ ಕಳಿಸಿದೆ, ಹಡಗಿನ ಪಟ್ಟಿಗಳನ್ನು ಜಾಲಾಡಿದೆ. ತೊಳೆಯುವ ಮುಂಚಿನ ಫೋಟೊವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಬೆಳಕು ಹೆಚ್ಚಿಸಿ ತಗ್ಗಿಸಿ ನೋಡಿದೆ. ಕಲ್ಲುಹೂವು ಬಿಟ್ಟರೆ ಏನೂ ಇಲ್ಲ. ಒಂದೇ ಹೆಸರಿನವರು ಊರಿಗೆ ಹತ್ತು ಜನ ಸಿಕ್ಕರು, ಅವರಲ್ಲಿ ಇವನು ಯಾರು ಎಂದು ಹೇಳುವ ಒಂದೇ ಒಂದು ಸಾಲನ್ನು ನಾನು ತೊಳೆದುಹಾಕಿದ್ದೆ. ಹಳೆಯ ಕಲ್ಲು ಉಳಿಸುವ ಆ ಹೆಂಗಸು ಬಂದಳಂತೆ. ಓರೆ ಬೆಳಕು ಬಿಟ್ಟು ನೋಡಿ, ಇನ್ನು ಮಾಡುವುದೇನೂ ಇಲ್ಲ ಎಂದು ಹೇಳಿ ಹೋದಳಂತೆ.

ಮದುವೆ ಚೆನ್ನಾಗಿಯೇ ಆಯಿತು. ಪುರೋಹಿತರು ಮೂರು ತಲೆಮಾರಿನ ಜರ್ಮನ್ ಹೆಸರುಗಳನ್ನು ಸಂಸ್ಕೃತದ ನಡುವೆ ಸೇರಿಸಿ ಹೇಳುವಾಗ ಬೀಗರು ಕತ್ತು ಬಾಗಿಸಿ ಕಿವಿಗೊಟ್ಟು ಕೇಳಿದರು. ಆಮೇಲೆ, “ಮೂರೇ ಯಾಕೆ?” ಎಂದರು. ಶ್ರಾದ್ಧದಲ್ಲೂ ಅಷ್ಟೇ, ಮೂರರಿಂದಾಚೆಯವರು ಮುಂದಕ್ಕೆ ಹೋಗಿಬಿಟ್ಟಿರುತ್ತಾರೆ, ಹೆಸರು ಹಿಡಿದು ಕರೆಯಬೇಕಿಲ್ಲ ಎಂದೆ. “ಒಳ್ಳೆಯ ಏರ್ಪಾಡು. ಹಾಗಾದರೆ ನನ್ನವನಿಗೂ ಇನ್ನು ಊರು ಬೇಕಿಲ್ಲ,” ಎಂದು ನನ್ನ ಕೈ ತಟ್ಟಿದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಬೀಗರೂಟದ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಅಡಗಿಕೊಂಡಿದ್ದೆ, ಬಡಿಸಲು ಹೊರಗೆ ಬರಲಿಲ್ಲ.

ಅಂದಿನಿಂದ ನಾನು ಯಾರಿಗೂ ಎರಡನೆಯ ಸಲ ಬಡಿಸುವುದಿಲ್ಲ. ಸಾಕು ಎಂದರೆ ಸೌಟು ಪಾತ್ರೆಗೆ ಹೋಗುತ್ತದೆ. ಸ್ನೇಹಿತೆಯರು ನಾನು ಜಿಪುಣಿಯಾಗಿದ್ದೇನೆ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಮರುವರ್ಷದ ಹೋಮ್‌ಕಮಿಂಗಿಗೆ ಹೋಗುವ ಮನಸ್ಸಿರಲಿಲ್ಲ. ಬೀಗರೇ ಫೋನ್ ಮಾಡಿ, “ಮದುವೆ ಊಟದ ಆ ಹೋಳಿಗೆ ತರುತ್ತೀರಲ್ಲ ಮ್ಯಾಮ್?” ಎಂದರು. ಹೋದೆ. ಎಲ್ಲರೂ ಕಲ್ಲಿನ ಸುತ್ತ ನಿಂತರು, ನಾನು ಹಿಂದಿನ ಸಾಲಿನಲ್ಲಿ ಯಜಮಾನರ ಬೆನ್ನಿನ ಮರೆಗೆ ನಿಂತೆ. ಬೀಗರು ಬೆರಳಿನಿಂದ ಉಳಿದ ಸಾಲುಗಳನ್ನು ಓದಿದರು, ಈ ಸಲ ಹಡಗಿನ ಕಥೆ, ಗಾಡಿಯ ಕಥೆ ಎಲ್ಲ ಹೇಳಿದರು. ಕೊನೆಗೆ ಅಂಗೈಯನ್ನು ಆ ನುಣುಪಿನ ಮೇಲೆ ಇಟ್ಟರು.

“ಇಲ್ಲಿ ಅವನ ಊರಿನ ಹೆಸರು ಇತ್ತು. ಹೋದ ವರ್ಷ ಮಕ್ಕಳ ಮದುವೆಗೆಂದು ನಾವು ಕಲ್ಲು ತೊಳೆದೆವು. ಅದರಲ್ಲಿ ಹೋಯಿತು.”

ಹೋದ ವರ್ಷ ಬರದಿದ್ದ ವಯಸ್ಸಾದ ಹೆಂಗಸೊಬ್ಬಳು, “ತೊಳೆದವರು ಯಾರು?” ಎಂದಳು. ದನಿಯಲ್ಲಿ ಖಾರವಿತ್ತು.

“ಮನೆಯವರು,” ಎಂದರು ಬೀಗರು.

ಅವರು ಅಷ್ಟು ಹೇಳಿದ ಮೇಲೆ ಅದು ನಾನು ಎಂದು ಕೈ ಎತ್ತಿದ್ದರೆ ಅವರ ಮಾತನ್ನು ಅಳಿಸಿದ ಹಾಗಾಗುತ್ತಿತ್ತು. ಎತ್ತದೆ ನಿಂತದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯ.

ಊಟಕ್ಕೆ ಕೂತಾಗ ಬೀಗರ ತಟ್ಟೆಗೆ ಒಂದು ಹೋಳಿಗೆ ಹಾಕಿ ತುಪ್ಪ ಬಿಟ್ಟೆ. ತಿಂದು ಮುಗಿಸಿದರು. “ಇನ್ನೊಂದು?” ಎಂದೆ.

“ಬೇಡ ಮ್ಯಾಮ್,” ಎಂದರು.

ತಕ್ಷಣ ಡಬ್ಬದ ಮುಚ್ಚಳ ಹಾಕಿ ಪಕ್ಕಕ್ಕಿಟ್ಟೆ. ಒಂದು ಪಾಠವನ್ನಾದರೂ ಕಲಿತೆನಲ್ಲ ಎಂದು ಸ್ವಲ್ಪ ಸಮಾಧಾನವೂ ಆಯಿತು. ಬೀಗರು ಖಾಲಿ ತಟ್ಟೆಯನ್ನು ತೊಡೆಯ ಮೇಲೆ ಹಿಡಿದುಕೊಂಡೇ ಕೂತಿದ್ದರು. ಮುಖ ಓಕ್ ಮರಗಳ ಕಡೆಗಿತ್ತು. ಗಾಳಿಗೆ ಕೂತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಮಗಳು ಬಂದು ನನ್ನ ಹೆಗಲು ಮುಟ್ಟಿದಳು.

“ಅಮ್ಮಾ, ಅವರಿಗೆ ಇನ್ನೊಂದು ಬೇಕು.”

“ಬೇಡ ಅಂದ್ರಲ್ಲೇ.”

“ನೀನು ಮತ್ತೆ ಕೇಳ್ತೀಯ ಅಂತ ಅವರು ಕಾಯ್ತಾ ಇದ್ದಾರೆ. ನಮ್ಮ ಮನೇಲಿ ಹಾಗೇ ಅಂತ ನಾನೇ ಹೇಳಿಕೊಟ್ಟಿದ್ದೆ.”

ತಿರುಗಿ ನೋಡಿದೆ. ಮರಗಳ ಕಡೆ ತಿರುಗಿದ್ದ ಆ ಮುಖದ ಕಣ್ಣಂಚು ಇದ್ದದ್ದು ನನ್ನ ಡಬ್ಬದ ಮೇಲೆ. ಬೀಗರು ಸ್ವಲ್ಪ ನಾಚಿಕೊಂಡು, “ಮೊದಲನೆಯದು ಮರ್ಯಾದೆಗೆ ಎಂದಿದ್ದಳು. ನಾನು ಒಂದೇ ಸಲ ಹೇಳಿದ್ದು,” ಎಂದರು.

ನಮ್ಮ ಬೇಡವನ್ನು ಅವರು ಕೂತು ಕಲಿತಿದ್ದರು. ಅವರ ಬೇಡವನ್ನು ನಾನು ಕಲಿತದ್ದು ಅವರ ಹಿರಿಯನ ಊರನ್ನು ಅಳಿಸಿದ ಮೇಲೆ. ಮುಚ್ಚಳ ತೆಗೆಯಲು ಹೋದರೆ ಬರಲಿಲ್ಲ, ಅಷ್ಟು ಬಿಗಿಯಾಗಿ ಹಾಕಿದ್ದೆ. ಮಗಳೇ ತೆಗೆದುಕೊಟ್ಟಳು. ಬೀಗರು ಎರಡೂ ಕೈಯಿಂದ ತಟ್ಟೆ ಹಿಡಿದುಕೊಂಡು ಕಾದರು.